ಒಂದು ಶಾಲೆಯನ್ನೂ ಮುಚ್ಚದೆ 19,262 ಕೋಟಿ ಉಳಿಸಲು ಸಾಧ್ಯವೇ?

ಆಯವ್ಯಯ ಓದುಗ
2025-26ರ ಕರ್ನಾಟಕ ರಾಜ್ಯ ಆಯವ್ಯಯದ ಗಾತ್ರ 4,09,549 ಕೋಟಿ ರೂಪಾಯಿ. ಇದರಲ್ಲಿ ರಾಜಸ್ವ ವೆಚ್ಚ 3,11,739 ಕೋಟಿ, ಬಂಡವಾಳ ವೆಚ್ಚ 71,336 ಕೋಟಿ, ಸಾಲದ ಮರುಪಾವತಿ 26,474 ಕೋಟಿ. ರಾಜಸ್ವ ಕೊರತೆ 19,262 ಕೋಟಿ ಎಂದು ಆಯವ್ಯಯವೇ ಹೇಳುತ್ತದೆ. ಎಂದರೆ ಸಂಬಳ, ಪಿಂಚಣಿ, ಬಡ್ಡಿ, ಸಹಾಯಧನದಂಥ ನಿತ್ಯದ ಖರ್ಚಿಗೂ ನಾವು ಸಾಲ ಮಾಡುತ್ತಿದ್ದೇವೆ. 2002ರಲ್ಲಿ ನಾವೇ ಮಾಡಿಕೊಂಡ ವಿತ್ತೀಯ ಹೊಣೆಗಾರಿಕೆ ಕಾಯ್ದೆಯ ಪ್ರಕಾರ ರಾಜ್ಯದ ಒಟ್ಟು ಹೊಣೆಗಾರಿಕೆ, ಎಂದರೆ ತೀರಿಸಬೇಕಾದ ಸಾಲ, ಆಂತರಿಕ ಉತ್ಪನ್ನದ ಶೇ. 25ರೊಳಗೆ ಇರಬೇಕು, ಈ ಸಾಲಿನ ಅಂದಾಜು ಶೇ. 24.91.

ನನ್ನ ಪ್ರಶ್ನೆ ಇಷ್ಟೇ. ಒಂದು ಶಾಲೆಯನ್ನೂ ಮುಚ್ಚದೆ, ಒಂದು ಬಸ್ಸನ್ನೂ ನಿಲ್ಲಿಸದೆ, ಆಸ್ಪತ್ರೆಯ ಔಷಧಿಯಲ್ಲಿ ಒಂದು ಮಾತ್ರೆಯನ್ನೂ ಕಡಿಮೆ ಮಾಡದೆ, ಎಂದರೆ ಸೇವೆಗೆ ಧಕ್ಕೆಯಾಗದಂತೆ, ಈ 19,262 ಕೋಟಿಯನ್ನು ಉಳಿಸುವುದು ಸಾಧ್ಯವಿದ್ದರೆ ಎಲ್ಲಿಂದ ಉಳಿಸುತ್ತೀರಿ? ಎರಡು ಕೋರಿಕೆಗಳಿವೆ. "ಭ್ರಷ್ಟಾಚಾರ ನಿಂತರೆ ಎಲ್ಲವೂ ಸರಿಹೋಗುತ್ತದೆ" ಎಂದು ಒಂದು ಸಾಲು ಬರೆದು ಹೊರಟುಬಿಡಬೇಡಿ. ಪಕ್ಷಗಳ ಹೆಸರನ್ನು ಎತ್ತಬೇಡಿ. ಇಲಾಖೆ ಯಾವುದು, ಬಾಬ್ತು ಯಾವುದು ಎಂದು ಹೇಳಿ.

ತೆರಿಗೆ ಕಟ್ಟುವವ
ಪ್ರಶ್ನೆಯಲ್ಲೇ ಉತ್ತರವಿದೆಯಲ್ಲ ಸರ್. ಐದು ಗ್ಯಾರಂಟಿಗಳಿಗೆ 51,034 ಕೋಟಿ ತೆಗೆದಿರಿಸಿದ್ದಾರೆ. ಅದರಲ್ಲಿ ಶೇ. 40ರಷ್ಟನ್ನು ಕಡಿತ ಮಾಡಿದರೆ ನಿಮ್ಮ ಕೊರತೆ ಮುಗಿದೇ ಹೋಯಿತು. ಇಷ್ಟಕ್ಕೆ ಇಷ್ಟು ಉದ್ದದ ಚರ್ಚೆ ಏಕೆ ಬೇಕು?

ರಾಯಚೂರಿನವಳು
ಮೇಲಿನವರು "ಸೇವೆಗೆ ಧಕ್ಕೆಯಾಗದಂತೆ" ಎಂಬ ಷರತ್ತನ್ನು ಓದಿಕೊಂಡಿಲ್ಲ ಎಂದು ಕಾಣುತ್ತದೆ. ಶಕ್ತಿ ಯೋಜನೆಯ ಬಸ್ ಪ್ರಯಾಣ ಸೇವೆಯಲ್ಲವೇ? ಅನ್ನಭಾಗ್ಯದ ಅಕ್ಕಿ ಸೇವೆಯಲ್ಲವೇ? 2023ರ ಜೂನ್ 11ರಿಂದ ಎರಡು ವರ್ಷ ಕಳೆದ ಸ್ವಲ್ಪದರಲ್ಲೇ ಮಹಿಳೆಯರ ಉಚಿತ ಪ್ರಯಾಣಗಳ ಸಂಖ್ಯೆ 500 ಕೋಟಿ ದಾಟಿತು. ನಮ್ಮ ಕಡೆ ದೊಡ್ಡ ಆಸ್ಪತ್ರೆಗೆ ಹೋಗಲು ಗಂಡನ ಬಳಿ ಬಸ್ ಚಾರ್ಜಿಗೆ ಕೈಚಾಚುತ್ತಿದ್ದ ಹೆಂಗಸರು ಈಗ ಆಧಾರ್ ಕಾರ್ಡ್ ಹಿಡಿದುಕೊಂಡು ತಾವೇ ಬರುತ್ತಾರೆ. ನಾನು ಆರೋಗ್ಯ ಇಲಾಖೆಯಲ್ಲೇ ಇರುವುದರಿಂದ ಇದನ್ನು ಕಣ್ಣಾರೆ ನೋಡುತ್ತಿದ್ದೇನೆ.

ತೆರಿಗೆ ಕಟ್ಟುವವ
ಬಸ್ಸಿನ ಬಗ್ಗೆ ನನ್ನ ತಕರಾರಿಲ್ಲ ಮೇಡಂ. ಗೃಹಲಕ್ಷ್ಮಿ ಒಂದಕ್ಕೇ ಸುಮಾರು 28 ಸಾವಿರ ಕೋಟಿ ಹೋಗುತ್ತದೆ. ಬೆಂಗಳೂರಿನಲ್ಲಿ ಸ್ವಂತ ಮನೆ, ಕಾರು ಎರಡೂ ಇರುವವರಿಗೆ ತಿಂಗಳಿಗೆ 2,000 ರೂಪಾಯಿ ಏಕೆ? ಅನರ್ಹರನ್ನು ತೆಗೆಯಿರಿ ಎಂದಷ್ಟೇ ನನ್ನ ಮಾತು.

ಹಳೆಯ ಖಜಾನೆ
ಅನರ್ಹರನ್ನು ತೆಗೆಯುವುದು ಕಾಗದದ ಮೇಲೆ ಅತ್ಯಂತ ಸುಲಭವಾದ ಕೆಲಸ. 2024ರ ನವೆಂಬರ್‌ನಲ್ಲಿ ಬಿಪಿಎಲ್ ಕಾರ್ಡುಗಳ ವಿಚಾರದಲ್ಲಿ ಏನಾಯಿತು ಎಂಬುದನ್ನು ನೆನಪಿಸಿಕೊಳ್ಳಿ. ತಂತ್ರಾಂಶ ಹೆಕ್ಕಿ ಕೊಟ್ಟ ಪಟ್ಟಿಯನ್ನು ಹಿಡಿದುಕೊಂಡು ಕಾರ್ಡುಗಳನ್ನು ರದ್ದು ಮಾಡಲು, ಎಪಿಎಲ್‌ಗೆ ಬದಲಾಯಿಸಲು ಹೊರಟರು, ನಿಜವಾಗಿ ಬಡವರಾದವರ ಹೆಸರುಗಳೂ ಅದರೊಳಗೆ ಸೇರಿಕೊಂಡಿದ್ದವು, ಊರೂರಿನಲ್ಲಿ ಗಲಾಟೆಯಾಯಿತು, ಕೊನೆಗೆ ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆ ಪಾವತಿದಾರರನ್ನು ಬಿಟ್ಟು ಉಳಿದವರಿಗೆ ಕಾರ್ಡನ್ನು ಹಿಂದಿರುಗಿಸಬೇಕೆಂದು ಆದೇಶವಾಯಿತು. ಅರ್ಹತೆಯನ್ನು ಮನೆಮನೆಗೆ ಹೋಗಿ ಪರಿಶೀಲಿಸಬೇಕಾದರೆ ಜನ ಬೇಕು. ಆ ಜನರೇ ಇಲಾಖೆಗಳಲ್ಲಿ ಇಲ್ಲ. ಸಿಬ್ಬಂದಿಯನ್ನು ಉಳಿತಾಯ ಮಾಡಿದ ಇಲಾಖೆಯ ಕೈಯಿಂದ ಸಹಾಯಧನದ ಉಳಿತಾಯ ಆಗುವುದಿಲ್ಲ ಎಂಬುದನ್ನು ನಾನು ಸೇವೆಯಲ್ಲಿದ್ದಾಗಲೂ ಹೇಳುತ್ತಿದ್ದೆ.

ಇನ್ನು ಮೂಲ ಪ್ರಶ್ನೆಗೆ ಬರುತ್ತೇನೆ. ರಾಜಸ್ವ ಸ್ವೀಕೃತಿ 2,92,477 ಕೋಟಿ. ಸಂಬಳಕ್ಕೆ ಸುಮಾರು 85 ಸಾವಿರ ಕೋಟಿ, ಬಡ್ಡಿಗೆ ಸುಮಾರು 45 ಸಾವಿರ ಕೋಟಿ, ಅದರ ಮೇಲೆ ಪಿಂಚಣಿ; ಈ ಮೂರೇ ಅರ್ಧಕ್ಕಿಂತ ಹೆಚ್ಚನ್ನು ನುಂಗುತ್ತವೆ. ಇವುಗಳಲ್ಲಿ ಒಂದು ರೂಪಾಯಿಯನ್ನೂ ಈ ವರ್ಷ ಕಡಿಮೆ ಮಾಡಲಾಗದು. ಬಡ್ಡಿ ಹಿಂದೆ ಮಾಡಿದ ಸಾಲದ್ದು, ಪಿಂಚಣಿ ಹಿಂದೆ ದುಡಿದವರದ್ದು. ಆದ್ದರಿಂದ "ಶೇ. 5 ಕಡಿತ ಮಾಡಿ" ಎಂದು ಮೇಲಿನಿಂದ ಆದೇಶ ಬಂದಾಗ ಕೆಳಗೆ ಅದು ಉಳಿದ ಸಣ್ಣ ಪಾಲಿನ ಮೇಲೆ ಬೀಳುತ್ತದೆ. ಆ ಪಾಲಿನಲ್ಲಿ ಇರುವುದು ಔಷಧಿ, ಡೀಸೆಲ್, ಕಟ್ಟಡ ದುರಸ್ತಿ, ವಿದ್ಯಾರ್ಥಿವೇತನ ಮತ್ತು ಹಾಸ್ಟೆಲಿನ ಊಟ.

ನೇರನುಡಿ
ಶಾಸಕರ ಸಂಬಳದಿಂದ ಶುರು ಮಾಡಿ. 2025ರ ಮಾರ್ಚ್‌ನಲ್ಲಿ ಚರ್ಚೆಯೇ ಇಲ್ಲದೆ ದುಪ್ಪಟ್ಟು ಮಾಡಿಕೊಂಡರು.

ಆಯವ್ಯಯ ಓದುಗ
ಆ ಏರಿಕೆಯಿಂದ ಬೀಳುವ ಹೊರೆ ವರ್ಷಕ್ಕೆ 62 ಕೋಟಿ. ಇಡೀ ಆಯವ್ಯಯದಲ್ಲಿ ಶೇ. 0.015. ಮನಸ್ಸಿಗೆ ಸಮಾಧಾನವಾಗಬಹುದು, ಆದರೆ ಇನ್ನೂ 19,200 ಕೋಟಿ ಉಳಿಯುತ್ತದೆ.

ನೇರನುಡಿ
ಲೆಕ್ಕ ನನಗೂ ಬರುತ್ತದೆ. ತನ್ನ ತಟ್ಟೆಗೆ ದುಪ್ಪಟ್ಟು ಬಡಿಸಿಕೊಂಡವನು ಪಕ್ಕದವನಿಗೆ ಮಿತವಾಗಿ ಉಣ್ಣು ಎಂದರೆ ಯಾರು ಕೇಳುತ್ತಾರೆ? ಕಡಿತಕ್ಕೆ ಒಪ್ಪಿಗೆ ಬೇಕಾದರೆ ಆ 62 ಕೋಟಿಯೇ ಮೊದಲ ಕಂತು.

ತುಂಗಾತೀರ
ನಾನು ಶಿವಮೊಗ್ಗ ಜಿಲ್ಲೆಯ ಸರ್ಕಾರಿ ಪ್ರಾಥಮಿಕ ಶಾಲೆಯೊಂದರಲ್ಲಿ ಶಿಕ್ಷಕ. "ಕಡಿತ ಮಾಡಬಹುದೇ" ಎಂಬ ಪ್ರಶ್ನೆಯ ಧಾಟಿಯೇ ನನಗೆ ವಿಚಿತ್ರವಾಗಿ ಕಾಣುತ್ತದೆ, ಏಕೆಂದರೆ ಕಡಿತ ಈಗಾಗಲೇ ಆಗಿದೆ. ಅದಕ್ಕೆ ಯಾರೂ ಆ ಹೆಸರನ್ನು ಇಟ್ಟಿಲ್ಲ, ಅಷ್ಟೇ. ರಾಜ್ಯ ಸರ್ಕಾರದ ಮಂಜೂರಾದ ಹುದ್ದೆಗಳಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಖಾಲಿ ಇವೆ. ಶಾಲೆಗಳಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ಅತಿಥಿ ಶಿಕ್ಷಕರನ್ನು ಇಟ್ಟುಕೊಂಡು ನಡೆಸುತ್ತಿದ್ದೇವೆ. 2025-26ರ ಆಯವ್ಯಯದಲ್ಲಿ ಎರಡು ಸಾವಿರ ಹೆಚ್ಚಿಸಿದ ಮೇಲೂ ಅವರ ಗೌರವಧನ ಬೆಂಗಳೂರಿನ ಒಂದು ಪಿ.ಜಿ. ಬಾಡಿಗೆಗೆ ಸಮನಾಗಬಹುದು. ಜೂನ್‌ನಲ್ಲಿ ಶಾಲೆ ತೆರೆಯುತ್ತದೆ, ಅತಿಥಿ ಶಿಕ್ಷಕರು ಬರುವಷ್ಟರಲ್ಲಿ ಪಾಠಗಳು ಹಿಂದೆ ಬಿದ್ದಿರುತ್ತವೆ, ಮಾರ್ಚ್ ಮುಗಿದರೆ ಅವರ ಕೆಲಸವೂ ಮುಗಿಯುತ್ತದೆ. ಹಣಕಾಸು ಇಲಾಖೆಯ ಕಡತದಲ್ಲಿ ಇದು ದೊಡ್ಡ ಉಳಿತಾಯ. ನಾಲ್ಕನೇ ತರಗತಿಯಲ್ಲಿ ಕೂಡುವ ಲೆಕ್ಕ ಬಾರದ ಹುಡುಗನ ನಷ್ಟ ಯಾವ ಕಡತದಲ್ಲೂ ಬರುವುದಿಲ್ಲ.

ಇನ್ನೊಂದು ಮಾತು. ಹತ್ತು ಮಕ್ಕಳಿರುವ ಶಾಲೆಯನ್ನು ದೊಡ್ಡ ಶಾಲೆಗೆ ಸೇರಿಸಿದರೆ ಖರ್ಚು ಕಡಿಮೆಯಾಗುತ್ತದೆ ಎಂದು ಇಲ್ಲಿ ಯಾರಾದರೂ ಬರೆಯುವ ಮೊದಲೇ ಹೇಳಿಬಿಡುತ್ತೇನೆ. ಬಯಲುಸೀಮೆಯಲ್ಲಿ ಅದು ನಡೆಯಬಹುದು. ಮಲೆನಾಡಿನಲ್ಲಿ ಮಳೆಗಾಲದ ಮೂರು ತಿಂಗಳು ಹಳ್ಳ ದಾಟಿ, ಕಾಡುದಾರಿಯಲ್ಲಿ ಏಳು ವರ್ಷದ ಮಗುವನ್ನು ಯಾರು ಕಳುಹಿಸುತ್ತಾರೆ?

ಬಯಲುಸೀಮೆ
ತುಂಗಾತೀರ ಅವರ ಮೊದಲ ಭಾಗಕ್ಕೆ ಪೂರ್ಣ ಒಪ್ಪಿಗೆ. ಎರಡನೆಯದಕ್ಕೆ ಅರ್ಧ ಒಪ್ಪಿಗೆ. ಐದು ತರಗತಿಗಳಿಗೆ ಒಬ್ಬರೇ ಶಿಕ್ಷಕರಿರುವ ಶಾಲೆಯನ್ನು ಉಳಿಸಿಕೊಂಡು ಮಕ್ಕಳಿಗೆ ಏನು ಉಪಕಾರ ಮಾಡಿದಂತಾಯಿತು? ಮಕ್ಕಳಿಗೆ ವಾಹನದ ವ್ಯವಸ್ಥೆ ಮಾಡಿ ವಿಲೀನ ಮಾಡಿದರೆ ಕಲಿಕೆಯಾದರೂ ಸುಧಾರಿಸುತ್ತದೆ.

ತುಂಗಾತೀರ
ವಾಹನ ಮೊದಲು ಬರಲಿ, ವಿಲೀನ ಆಮೇಲೆ ಆಗಲಿ. ವಿಲೀನದ ಆದೇಶ ಒಂದು ದಿನದಲ್ಲಿ ಬರುತ್ತದೆ, ವಾಹನದ ಟೆಂಡರ್ ಎರಡು ವರ್ಷ ತೆಗೆದುಕೊಳ್ಳುತ್ತದೆ.

ತೆರಿಗೆ ಕಟ್ಟುವವ
ಹುದ್ದೆ ಖಾಲಿ ಇದೆ ಎಂದು ಅಳುವವರು ಏಳನೇ ವೇತನ ಆಯೋಗದ ಬಗ್ಗೆ ಮೌನವಾಗಿರುತ್ತಾರೆ. 2024ರ ಆಗಸ್ಟ್‌ನಿಂದ ಮೂಲವೇತನಕ್ಕೆ ಶೇ. 27.5 ಸೇರಿಸಿ ಕೊಟ್ಟರು. ವರ್ಷಕ್ಕೆ ಬೀಳುವ ಹೆಚ್ಚುವರಿ ಹೊರೆ 20,208 ಕೋಟಿ. ಆಯವ್ಯಯ ಓದುಗ ಅವರು ಹುಡುಕುತ್ತಿರುವ ಕೊರತೆಯೂ ಹೆಚ್ಚುಕಡಿಮೆ ಅಷ್ಟೇ. ಇರುವವರ ಸಂಬಳ ಏರಿಸಲು ಇಲ್ಲದವರ ಹುದ್ದೆಯನ್ನು ಖಾಲಿ ಇಟ್ಟಿದ್ದಾರೆ ಎಂದು ನಾನು ಹೇಳಿದರೆ ಶಿಕ್ಷಕರಿಗೆ ಸಿಟ್ಟು ಬರಬಹುದು.

ತುಂಗಾತೀರ
ಸಿಟ್ಟು ಬಂದಿಲ್ಲ. ಆ ಮಾತಿನಲ್ಲಿ ಸತ್ಯವಿದೆ. ಆದರೆ 2018ರ ನಂತರ ಬೆಲೆಗಳು ಎಷ್ಟು ಏರಿವೆ ಎಂಬುದನ್ನೂ ನೋಡಿ, ಸರ್. ಅಲ್ಲದೆ 2006ರ ಏಪ್ರಿಲ್ ನಂತರ ಸೇರಿದ ನಮಗೆ ಹಳೆಯ ಪಿಂಚಣಿಯೂ ಇಲ್ಲ. ಅದೂ ಒಂದು ಕಡಿತವೇ. ಅದರ ಪರಿಣಾಮ ನಾವು ನಿವೃತ್ತರಾದ ಮೇಲೆ ಗೊತ್ತಾಗುತ್ತದೆ.

ಲೀಡ್ಸ್ ಕನ್ನಡಿಗ
ನಾನು ಹದಿನೈದು ವರ್ಷಗಳಿಗೂ ಹೆಚ್ಚು ಕಾಲದಿಂದ ಇಂಗ್ಲೆಂಡಿನಲ್ಲಿ ಇದ್ದೇನೆ. ಇಲ್ಲಿ 2010ರಲ್ಲಿ ಜಾರ್ಜ್ ಆಸ್ಬರ್ನ್ ಹಣಕಾಸು ಸಚಿವರಾದಾಗ ನಿಮ್ಮ ಪ್ರಶ್ನೆಯನ್ನೇ ಮುಂದಿಟ್ಟುಕೊಂಡು ಹೊರಟಿದ್ದರು: ಮುಂಚೂಣಿಯ ಸೇವೆಗಳಿಗೆ ಧಕ್ಕೆಯಾಗದಂತೆ ಆಡಳಿತದ ಕೊಬ್ಬನ್ನು ಮಾತ್ರ ಕರಗಿಸುತ್ತೇವೆ ಎಂದರು. ಮೊದಲು ಬಿದ್ದದ್ದು ಸ್ಥಳೀಯ ಸಂಸ್ಥೆಗಳ ಅನುದಾನಕ್ಕೆ ಕತ್ತರಿ. ಗ್ರಂಥಾಲಯಗಳು, ಯುವಕೇಂದ್ರಗಳು ಮುಚ್ಚಿದವು. ಶಾಲಾ ಕಟ್ಟಡಗಳನ್ನು ಹೊಸದಾಗಿ ಕಟ್ಟುವ ಕಾರ್ಯಕ್ರಮವನ್ನು ಅದೇ ವರ್ಷ ಕೈಬಿಟ್ಟರು. 2023ರ ಆಗಸ್ಟ್ ಕೊನೆಯಲ್ಲಿ, ಶಾಲೆಗಳು ತೆರೆಯಲು ಕೆಲವೇ ದಿನಗಳಿರುವಾಗ, ನೂರಕ್ಕೂ ಹೆಚ್ಚು ಶಾಲೆಗಳಿಗೆ ಹಗುರ ಕಾಂಕ್ರೀಟಿನ ಕಟ್ಟಡಗಳು ಕುಸಿಯಬಹುದು, ಬಳಸಬೇಡಿ ಎಂದು ಹೇಳಬೇಕಾಯಿತು.

ನನಗೆ ಹೆಚ್ಚು ಪಾಠ ಕಲಿಸಿದ್ದು ಸ್ಥಳೀಯ ಸಂಸ್ಥೆಗಳ ಲೆಕ್ಕಪರಿಶೋಧನಾ ಆಯೋಗವನ್ನು ಮುಚ್ಚಿದ ಕಥೆ. ಇದರಿಂದ ಜನಸಾಮಾನ್ಯನಿಗೆ ಏನು ನಷ್ಟ, ಆಡಿಟ್ ಮಾಡುವವರು ಖಾಸಗಿಯವರೇ ಇರಲಿ ಎಂದು 2015ರ ಮಾರ್ಚ್‌ಗೆ ಅದನ್ನು ಮುಗಿಸಿದರು. ಮುಂದಿನ ವರ್ಷಗಳಲ್ಲಿ ಆಡಿಟ್ ವರದಿಗಳು ಎಷ್ಟು ಬಾಕಿ ಬಿದ್ದವೆಂದರೆ 2022-23ರ ಲೆಕ್ಕಗಳಲ್ಲಿ ಗಡುವಿನೊಳಗೆ ಮುಗಿದದ್ದು ಶೇ. 1 ಮಾತ್ರ. ಯಾವ ನಗರಪಾಲಿಕೆ ದಿವಾಳಿಯ ಅಂಚಿನಲ್ಲಿದೆ ಎಂಬುದೇ ತಿಳಿಯದಂತಾಯಿತು. ಬರ್ಮಿಂಗ್‌ಹ್ಯಾಮ್ 2023ರ ಸೆಪ್ಟೆಂಬರ್‌ನಲ್ಲಿ ಕೈಚೆಲ್ಲಿತು.

ಡರ್ಬಿಯಿಂದ
ಬರ್ಮಿಂಗ್‌ಹ್ಯಾಮ್ ಉದಾಹರಣೆಯನ್ನು ಕಡಿತದ ಖಾತೆಗೆ ಮಾತ್ರ ಬರೆಯುವುದು ಸರಿಯಲ್ಲ. ಅಲ್ಲಿ ಮಹಿಳಾ ಸಿಬ್ಬಂದಿಗೆ ಸಮಾನ ವೇತನ ಕೊಡದ್ದರ ಬಾಕಿ ಹೊರೆ ಇತ್ತು, ಒರಾಕಲ್ ತಂತ್ರಾಂಶ ಅಳವಡಿಕೆ ಕೆಟ್ಟು ಖರ್ಚು ಉಬ್ಬಿತ್ತು. ಅನುದಾನ ಕಡಿಮೆಯಾದದ್ದು ಮೂರನೆಯ ಕಾರಣ.

ಲೀಡ್ಸ್ ಕನ್ನಡಿಗ
ಮೂರೂ ಕಾರಣಗಳು ನಿಜ. ತಂತ್ರಾಂಶ ಕೆಟ್ಟಾಗ ಅದನ್ನು ಸಮಯಕ್ಕೆ ಸರಿಯಾಗಿ ಹಿಡಿಯಬಲ್ಲ ಅನುಭವಿ ಲೆಕ್ಕಾಧಿಕಾರಿಗಳು ಎಷ್ಟು ಜನ ಉಳಿದಿದ್ದರು ಎಂಬುದು ನನ್ನ ಮರುಪ್ರಶ್ನೆ.

ಹಳೆಯ ಖಜಾನೆ
ಕಡಿತ ಯಶಸ್ವಿಯಾದ ಉದಾಹರಣೆ ಬೇಕಾದರೆ ಕೆನಡಾವನ್ನು ಹೇಳುತ್ತಾರೆ. 1995ರಲ್ಲಿ ಪಾಲ್ ಮಾರ್ಟಿನ್ ಹಣಕಾಸು ಸಚಿವರಾಗಿದ್ದಾಗ ಪ್ರತಿಯೊಂದು ಕಾರ್ಯಕ್ರಮವನ್ನೂ ಎದುರಿಗೆ ಇಟ್ಟುಕೊಂಡು, ಇದನ್ನು ಸರ್ಕಾರವೇ ಮಾಡಬೇಕೇ, ಮಾಡಿದರೂ ಕೇಂದ್ರವೇ ಮಾಡಬೇಕೇ, ಇಷ್ಟೇ ಖರ್ಚಿನಲ್ಲಿ ಮಾಡಬೇಕೇ ಎಂದು ಕೇಳಿ ತೀರ್ಮಾನಿಸಿದರು. ಸುಮಾರು 45 ಸಾವಿರ ಹುದ್ದೆಗಳು ಹೋದವು, 1997-98ರ ಹೊತ್ತಿಗೆ ಕೊರತೆ ಇಲ್ಲವಾಯಿತು. ಎಲ್ಲ ಇಲಾಖೆಗೂ ಒಂದೇ ಶೇಕಡಾವಾರು ಹಾಕಲಿಲ್ಲ ಎಂಬುದು ಮೆಚ್ಚತಕ್ಕ ವಿಷಯ. ಆದರೆ ಅದೇ ಲೆಕ್ಕದೊಳಗೆ ಪ್ರಾಂತಗಳಿಗೆ ಆರೋಗ್ಯ ಮತ್ತು ಶಿಕ್ಷಣಕ್ಕೆ ಕೊಡುತ್ತಿದ್ದ ಹಣವನ್ನೂ ಕಡಿಮೆ ಮಾಡಿದ್ದರು. ಆಸ್ಪತ್ರೆಯ ಹಾಸಿಗೆಗಳನ್ನು ತೆಗೆದ ಅಪಕೀರ್ತಿ ಪ್ರಾಂತಗಳ ಪಾಲಿಗೆ ಬಂತು.

ಖರ್ಚು ನಿಜವಾಗಿ ಇಳಿಯಿತೇ ಅಥವಾ ಇನ್ನೊಬ್ಬರ ಹೆಗಲಿಗೆ ದಾಟಿತೇ ಎಂಬುದನ್ನು ಪ್ರತಿ ಸಲವೂ ಕೇಳಿಕೊಳ್ಳದೆ "ಉಳಿತಾಯ" ಎಂದು ಬರೆಯಬಾರದು.

ನೇರನುಡಿ
ಹೆಗಲು ದಾಟಿಸುವುದು ಎಂದ ಕೂಡಲೇ ನೆನಪಾಯಿತು. ಹದಿನೈದನೇ ಹಣಕಾಸು ಆಯೋಗ ಕೇಂದ್ರದ ತೆರಿಗೆ ಹಂಚಿಕೆಯಲ್ಲಿ ನಮ್ಮ ಪಾಲನ್ನು ಶೇ. 4.713ರಿಂದ ಶೇ. 3.647ಕ್ಕೆ ಇಳಿಸಿತಲ್ಲ, ಅದು ಸರಿಹೋದರೆ ಈ ಚರ್ಚೆಯೇ ಬೇಡ.

ಆಯವ್ಯಯ ಓದುಗ
ಅದು ಆದಾಯದ ಮಾತು, ಬೇರೆಯೇ ಚರ್ಚೆಗೆ ಅರ್ಹವಾದದ್ದು. ಇಲ್ಲಿ ಖರ್ಚಿನ ಬಗ್ಗೆಯೇ ಇರೋಣ. ಹಳೆಯ ಖಜಾನೆಯವರ ಮಾತಿಗೆ ಒಂದು ಉದಾಹರಣೆ ಸೇರಿಸುತ್ತೇನೆ. ಅನ್ನಭಾಗ್ಯದ ಹೆಚ್ಚುವರಿ ಐದು ಕೆ.ಜಿ. ಅಕ್ಕಿಯ ಬದಲು 2023ರ ಜುಲೈನಿಂದ ಕೆ.ಜಿ.ಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿಯನ್ನು ಖಾತೆಗೆ ಹಾಕುತ್ತಿದ್ದರು. 2025ರ ಆರಂಭದಲ್ಲಿ ಭಾರತ ಆಹಾರ ನಿಗಮ ರಾಜ್ಯಗಳಿಗೆ 22 ರೂಪಾಯಿ 50 ಪೈಸೆಗೆ ಅಕ್ಕಿ ಕೊಡಲು ಒಪ್ಪಿದ ಮೇಲೆ ಮತ್ತೆ ಅಕ್ಕಿಯನ್ನೇ ಕೊಡತೊಡಗಿದರು. ಸಾಗಾಣಿಕೆಯ ಖರ್ಚನ್ನು ಬಿಟ್ಟು ನೋಡಿದರೆ 170ರ ಜಾಗದಲ್ಲಿ 112 ರೂಪಾಯಿ 50 ಪೈಸೆ. ಫಲಾನುಭವಿಗೆ ಐದು ಕೆ.ಜಿ. ಸಿಕ್ಕಿತು, ರಾಜ್ಯಕ್ಕೆ ಉಳಿತಾಯವಾಯಿತು. ಆದರೆ ನಿಗಮ ಅದೇ ಅಕ್ಕಿಯನ್ನು ಕೊಂಡು, ಸಾಗಿಸಿ, ಗೋದಾಮಿನಲ್ಲಿಡಲು 22 ರೂಪಾಯಿಗಿಂತ ಬಹಳ ಹೆಚ್ಚು ಖರ್ಚು ಮಾಡಿರುತ್ತದೆ. ವ್ಯತ್ಯಾಸವನ್ನು ಕೇಂದ್ರದ ಆಹಾರ ಸಹಾಯಧನ ಭರಿಸಿತು. ಅದನ್ನು ಭರಿಸುವವರೂ ನಾವೇ.

ತುಂಗಾತೀರ
ಶಾಲೆಯ ಮೊಟ್ಟೆಯದೂ ಇದೇ ಕಥೆ. ವಾರಕ್ಕೆ ಎರಡು ದಿನದ ಮೊಟ್ಟೆ ಸರ್ಕಾರದ್ದು, ಉಳಿದ ನಾಲ್ಕು ದಿನದ್ದು ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನದು. ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿಯ ಒಪ್ಪಂದ. ಮಕ್ಕಳಿಗೆ ಬಹಳ ಒಳ್ಳೆಯದಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಮೂರು ವರ್ಷದ ನಂತರ ಆ ನಾಲ್ಕು ದಿನಗಳು ಯಾರ ಆಯವ್ಯಯಕ್ಕೆ ಬರುತ್ತವೆ?

ರಾಯಚೂರಿನವಳು
ಹೆಗಲ ಲೆಕ್ಕ ಹಾಕುವುದಾದರೆ ಆಶಾ ಕಾರ್ಯಕರ್ತೆಯರ ಹೆಗಲನ್ನೂ ಸೇರಿಸಿ. 2025ರ ಜನವರಿಯಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಕುಳಿತು ತಿಂಗಳಿಗೆ 15 ಸಾವಿರ ಕೇಳಿದರು, ಕನಿಷ್ಠ 10 ಸಾವಿರದ ಭರವಸೆ ಪಡೆದು ಎದ್ದರು. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ಗರ್ಭಿಣಿಯರ ನೋಂದಣಿ, ಲಸಿಕೆ, ಕ್ಷಯದ ತಪಾಸಣೆ ಎಲ್ಲವೂ ಅವರ ಕಾಲ್ನಡಿಗೆಯ ಮೇಲೆ ನಿಂತಿದೆ. ಅಂಗನವಾಡಿ ಕಾರ್ಯಕರ್ತೆ, ಬಿಸಿಯೂಟದ ಅಡುಗೆಯವರು, ಹೊರಗುತ್ತಿಗೆಯ ಡಿ ಗ್ರೂಪ್ ನೌಕರರು ಇವರನ್ನೆಲ್ಲ "ನೌಕರ" ಎಂದು ಕರೆಯದೆ ಇರುವುದರಿಂದಲೇ ಸಂಬಳದ ಬಾಬ್ತು 85 ಸಾವಿರ ಕೋಟಿಯಲ್ಲಿ ನಿಂತಿದೆ. ಈ ರಾಜ್ಯದಲ್ಲಿ ಸೇವೆಗಳು ಅಗ್ಗವಾಗಿರುವುದಕ್ಕೆ ದೊಡ್ಡ ಕಾರಣ ಹೆಂಗಸರ ಅಗ್ಗದ ದುಡಿಮೆ.

ಕಾಮಗಾರಿ
ನಾನು ಕ್ಲಾಸ್-2 ಗುತ್ತಿಗೆದಾರ. ನಮ್ಮ ಹೆಸರು ಎತ್ತಿದರೆ ಜನ ಕಮಿಷನ್ ಕಥೆ ತೆಗೆಯುತ್ತಾರೆ ಎಂದು ಗೊತ್ತಿದ್ದೂ ಬರೆಯುತ್ತಿದ್ದೇನೆ, ಏಕೆಂದರೆ ನಿಜವಾದ ಉಳಿತಾಯ ಇರುವ ಜಾಗವನ್ನು ಯಾರೂ ಮುಟ್ಟಿಲ್ಲ.

ಒಂದು ಇಲಾಖೆಗೆ ವರ್ಷಕ್ಕೆ ನೂರು ಕೋಟಿ ಅನುದಾನವಿದ್ದರೆ ಅದು ಮುನ್ನೂರು, ನಾನೂರು ಕೋಟಿಯ ಕಾಮಗಾರಿಗಳಿಗೆ ಅನುಮೋದನೆ ಕೊಟ್ಟಿರುತ್ತದೆ. ಶಾಸಕರಿಗೆ ಗುದ್ದಲಿ ಪೂಜೆ ಬೇಕು, ಅದಕ್ಕೆ ಆದೇಶ ಸಾಕು, ದುಡ್ಡು ಬೇಕಾಗಿಲ್ಲ. ಕೆಲಸ ಮುಗಿಸಿ ಎಂ.ಬಿ. (ಅಳತೆ ಪುಸ್ತಕ) ಬರೆಸಿ ಬಿಲ್ ಕೊಟ್ಟರೆ ಹಣ ಬಿಡುಗಡೆಯ ಪತ್ರವಾದ ಎಲ್‌ಒಸಿ ಬರಲು ಒಂದೂವರೆ ವರ್ಷ, ಎರಡು ವರ್ಷ. ಅಷ್ಟರವರೆಗೆ ನಾನು ಹೊರಗೆ ಬಡ್ಡಿಗೆ ತಂದಿರುತ್ತೇನೆ. ಮುಂದಿನ ಟೆಂಡರಿನಲ್ಲಿ ಆ ಬಡ್ಡಿಯನ್ನು ಸೇರಿಸದೆ ದರ ಹಾಕಿದರೆ ನಾನು ಮನೆ ಮಾರಬೇಕು. ಬಾಕಿ ತಡೆದುಕೊಳ್ಳಲಾಗದ ಸಣ್ಣ ಗುತ್ತಿಗೆದಾರರು ಟೆಂಡರಿಗೆ ಬರುವುದನ್ನೇ ಬಿಡುತ್ತಾರೆ. ಇಬ್ಬರು ಮೂವರು ದೊಡ್ಡವರು ಉಳಿಯುತ್ತಾರೆ. ಅವರು ಹೇಳಿದ್ದೇ ದರ. 1999ರ ಪಾರದರ್ಶಕತೆ ಕಾಯ್ದೆ ಇದೆ, ಇ-ಸಂಗ್ರಹಣೆ ಇದೆ, ಎಲ್ಲವೂ ಇದೆ, ಆದರೆ ಸ್ಪರ್ಧೆ ಇಲ್ಲ. ಸರ್ಕಾರ ಸಮಯಕ್ಕೆ ಸರಿಯಾಗಿ ಹಣ ಕೊಡುವ ಗಿರಾಕಿಯಾದರೆ ಅದೇ ರಸ್ತೆಯನ್ನು ಶೇ. 10ರಷ್ಟಾದರೂ ಕಡಿಮೆಗೆ ಮಾಡಿಕೊಡಲು ನಾನು ಸಿದ್ಧ.

ಹಣ ಇಲ್ಲದ ಕಾಮಗಾರಿಗೆ ಅನುಮೋದನೆ ಕೊಡುವಂತಿಲ್ಲ ಎಂಬ ಒಂದೇ ನಿಯಮವನ್ನು ಮೂರು ವರ್ಷ ಪಾಲಿಸಿ ನೋಡಿ. ಯಾವ ಸೇವೆಗೂ ಧಕ್ಕೆಯಾಗುವುದಿಲ್ಲ.

ದುರ್ಗದವ
ಕಾಮಗಾರಿ ಅವರ ಮಾತಿಗೆ ನಮ್ಮ ಜಿಲ್ಲೆಯೇ ಸಾಕ್ಷಿ. ಭದ್ರಾ ಮೇಲ್ದಂಡೆ ಯೋಜನೆಯ ಅಂದಾಜು 2015ರಲ್ಲಿ 12,340 ಕೋಟಿ ಇತ್ತು, 2020ರಲ್ಲಿ 21,473 ಕೋಟಿಗೆ ಏರಿತು. ಕೇಂದ್ರ 2023-24ರ ಬಜೆಟ್ಟಿನಲ್ಲಿ 5,300 ಕೋಟಿ ಘೋಷಿಸಿತು. ಆ ಹಣಕ್ಕಾಗಿ ನಾವು ಇನ್ನೂ ಬಾಯಿ ಬಿಟ್ಟುಕೊಂಡು ಕಾಯುತ್ತಿದ್ದೇವೆ. ಐವತ್ತು ಯೋಜನೆಗಳಿಗೆ ಚೂರುಚೂರು ಹಣ ಹಂಚುವ ಬದಲು ಹತ್ತನ್ನು ಮುಗಿಸಿದ್ದರೆ ಇಷ್ಟು ಏರುತ್ತಿತ್ತೇ?

ಹಳೆಯ ಖಜಾನೆ
ಅಂದಾಜು ಏರಿದ್ದರಲ್ಲಿ ಯೋಜನೆಯ ವ್ಯಾಪ್ತಿ ಹೆಚ್ಚಿದ್ದರ ಪಾಲೂ ಇದೆ, ಭೂಸ್ವಾಧೀನದ ಪಾಲೂ ಇದೆ. ಎಲ್ಲವನ್ನೂ ವಿಳಂಬದ ತಲೆಗೆ ಕಟ್ಟಬೇಡಿ. ಆದರೆ ಕಾಮಗಾರಿ ಅವರು ಹೇಳಿದ್ದು ಅಕ್ಷರಶಃ ಸತ್ಯ. ಖಜಾನೆಯ ಒಳಗಿನಿಂದ ನೋಡಿದವನಾಗಿ ಹೇಳುತ್ತೇನೆ, ಬಿಲ್ಲನ್ನು ಮಾರ್ಚ್ ದಾಟಿಸುವುದೇ ಈ ರಾಜ್ಯದ ಅತ್ಯಂತ ಜನಪ್ರಿಯ ಮಿತವ್ಯಯ ಕ್ರಮ. ಕೊರತೆಯ ಅಂಕಿ ಆ ವರ್ಷಕ್ಕೆ ಚೆನ್ನಾಗಿ ಕಾಣುತ್ತದೆ. ಇದರ ತದ್ವಿರುದ್ಧವಾದ ರೋಗವೂ ಇದೆ: ಅನುದಾನ ವ್ಯಪಗತವಾಗುತ್ತದೆ ಎಂದು ಮಾರ್ಚ್ 31ರ ಮಧ್ಯರಾತ್ರಿಯವರೆಗೆ ಕೂತು ಹಣ ಡ್ರಾ ಮಾಡಿ ಪಿ.ಡಿ. ಖಾತೆಗೆ, ಎಂದರೆ ಅಧಿಕಾರಿಯ ಹೆಸರಿನ ಠೇವಣಿ ಖಾತೆಗೆ, ತುಂಬುವುದು. ಒಂದು ಇಲಾಖೆ ಪಿ.ಡಿ. ಖಾತೆಯಲ್ಲಿ ಹಣ ಕೊಳೆಹಾಕಿಕೊಂಡು ಕುಳಿತಿರುವಾಗಲೇ ಪಕ್ಕದ ಇಲಾಖೆಗೆ ಸಂಬಳ ಕೊಡಲು ಸರ್ಕಾರ ಬಡ್ಡಿಗೆ ಸಾಲ ತಂದಿರುತ್ತದೆ. ಖಜಾನೆ-2 ಎಂಬ ಗಣಕ ವ್ಯವಸ್ಥೆ ಬಂದ ಮೇಲೆ ಯಾರ ಬಳಿ ಎಷ್ಟಿದೆ ಎಂಬುದು ಪರದೆಯ ಮೇಲೆ ಕಾಣುತ್ತದೆ. ಕಂಡರೂ ಕೇಳುವವರಿಲ್ಲ.

ತೆರಿಗೆ ಕಟ್ಟುವವ
ಗಣಕೀಕರಣದಿಂದ ಸಿಬ್ಬಂದಿ ಕಡಿಮೆಯಾಗಬೇಕಿತ್ತಲ್ಲ? ಭೂಮಿ ಯೋಜನೆ ಬಂದು ಕಾಲು ಶತಮಾನವಾಯಿತು.

ಪಂಚಾಯಿತಿ ಸದಸ್ಯೆ
ಭೂಮಿ ಬರುವ ಮೊದಲು ಸುಮಾರು 9,000 ಗ್ರಾಮ ಲೆಕ್ಕಾಧಿಕಾರಿಗಳ ಕೈಯಲ್ಲಿ ಎರಡು ಕೋಟಿಯಷ್ಟು ಪಹಣಿಗಳಿದ್ದವು. ಒಂದು ಪಹಣಿಗೆ ಅವರ ಮನೆ ಬಾಗಿಲಿಗೆ ಅಲೆದು, ಕೇಳಿದಷ್ಟು ಕೊಟ್ಟು ಬರಬೇಕಿತ್ತು ಎಂದು ನಮ್ಮ ಮಾವ ಈಗಲೂ ಹೇಳುತ್ತಾರೆ. ಭೂಮಿ ಕೇಂದ್ರ ಬಂದಾಗ 15 ರೂಪಾಯಿಗೆ ನಿಮಿಷಗಳಲ್ಲಿ ಸಿಗತೊಡಗಿತು. ಸರ್ಕಾರದ ಸಂಬಳದ ಖರ್ಚು ಅದರಿಂದ ಇಳಿಯಲಿಲ್ಲ, ರೈತನ ಖರ್ಚು ಇಳಿಯಿತು. ಅದನ್ನು ಉಳಿತಾಯ ಎನ್ನುತ್ತೀರೋ ಇಲ್ಲವೋ ನೀವೇ ಹೇಳಿ. ಆಯವ್ಯಯದ ಪುಸ್ತಕದಲ್ಲಿ ಮಾತ್ರ ಅದು ಎಲ್ಲೂ ಕಾಣುವುದಿಲ್ಲ.

ಹಳೆಯ ಖಜಾನೆ
ಹುದ್ದೆಗಳ ಮರುವಿಂಗಡಣೆ ಆಗಬೇಕಿತ್ತು, ಆಗಲಿಲ್ಲ. 2021ರಲ್ಲಿ ಟಿ.ಎಂ. ವಿಜಯಭಾಸ್ಕರ್ ಅಧ್ಯಕ್ಷತೆಯಲ್ಲಿ ರಚನೆಯಾದ ಎರಡನೇ ಆಡಳಿತ ಸುಧಾರಣಾ ಆಯೋಗ ಹಲವು ವರದಿ ಕೊಟ್ಟಿದೆ, ಸಾವಿರಾರು ಶಿಫಾರಸುಗಳಿವೆ. ಬೆರಳಚ್ಚುಗಾರರ ಹುದ್ದೆಯನ್ನು ರದ್ದು ಮಾಡಿ ಅದೇ ಹಣದಲ್ಲಿ ಶುಶ್ರೂಷಕಿಯರನ್ನು ತೆಗೆದುಕೊಂಡರೆ ಖರ್ಚು ಹೆಚ್ಚುವುದಿಲ್ಲ, ಸೇವೆ ಹೆಚ್ಚುತ್ತದೆ. ಎರಡೂವರೆ ಲಕ್ಷ ಖಾಲಿ ಹುದ್ದೆಗಳಲ್ಲಿ ಎಲ್ಲವನ್ನೂ ತುಂಬಬೇಕಾಗಿಲ್ಲ. ಯಾವುದನ್ನು ತುಂಬಬೇಕು, ಯಾವುದನ್ನು ಕೈಬಿಡಬೇಕು ಎಂದು ಕುಳಿತು ತೀರ್ಮಾನಿಸುವ ಬದಲು ನಿವೃತ್ತಿಯೇ ಅದನ್ನು ತೀರ್ಮಾನಿಸಲಿ ಎಂದು ಬಿಟ್ಟಿದ್ದೇವೆ. ಆದ್ದರಿಂದ ಎಲ್ಲಿ ಹೆಚ್ಚು ಜನ ನಿವೃತ್ತರಾದರೋ ಅಲ್ಲಿ ಕಡಿತ ಬಿತ್ತು, ಅದು ತಾಲೂಕು ಆಸ್ಪತ್ರೆಯೇ ಆಗಿದ್ದರೂ ಸರಿ.

ಆಯವ್ಯಯ ಓದುಗ
ಇನ್ನು ಯಾರೂ ಮುಟ್ಟದ ಒಂದು ದೊಡ್ಡ ಬಾಬ್ತು ಇದೆ: ನೀರಾವರಿ ಪಂಪ್‌ಸೆಟ್ಟಿನ ವಿದ್ಯುತ್. ಹತ್ತು ಅಶ್ವಶಕ್ತಿಯವರೆಗೆ ಉಚಿತ. ಇದಕ್ಕೆ ಸರ್ಕಾರ ವಿದ್ಯುತ್ ಕಂಪನಿಗಳಿಗೆ ಕೊಡುವ ಸಹಾಯಧನ ವರ್ಷಕ್ಕೆ ಹತ್ತು ಸಾವಿರ ಕೋಟಿಯನ್ನು ದಾಟಿ ಎಷ್ಟೋ ಕಾಲವಾಯಿತು. ಬಹುಪಾಲು ಪಂಪ್‌ಸೆಟ್ಟುಗಳಿಗೆ ಮೀಟರ್ ಇಲ್ಲದ ಕಾರಣ ಎಷ್ಟು ಯೂನಿಟ್ ಹೋಯಿತು ಎಂಬುದು ಅಂದಾಜು ಮಾತ್ರ. ಕಂಪನಿಗಳ ಸ್ವಂತ ಸೋರಿಕೆ, ಕಳವು ಎಲ್ಲವೂ ಆ ಅಂದಾಜಿನೊಳಗೆ ಅಡಗಿ ಕುಳಿತುಕೊಳ್ಳಬಹುದು. ರೈತನ ಹೆಸರಿನಲ್ಲಿ ಕೊಡುವ ಹಣದಲ್ಲಿ ರೈತನಿಗೆ ಎಷ್ಟು ತಲುಪುತ್ತದೆ?

ಕೋಲಾರದ ರೈತ
ಬಂತು ನೋಡಿ ಮೀಟರ್ ಮಾತು. ನಮ್ಮ ಊರಿನಲ್ಲಿ ಕೊಳವೆಬಾವಿ ಸಾವಿರ ಅಡಿ ದಾಟಿದೆ. ಕರೆಂಟ್ ಬರುವುದು ರಾತ್ರಿ ಹನ್ನೊಂದಕ್ಕೆ, ಅದೂ ವೋಲ್ಟೇಜ್ ಇಲ್ಲದೆ ಮೋಟಾರ್ ಸುಟ್ಟರೆ ರಿವೈಂಡಿಂಗ್ ನಮ್ಮದೇ ಖರ್ಚು. ಇದನ್ನು ಉಚಿತ ಎನ್ನುತ್ತೀರಿ. ಮೀಟರ್ ಹಾಕಿಸಿಕೊಂಡರೆ ಇಂದು ಸೊನ್ನೆ ಬಿಲ್, ನಾಳೆ ಅಡುಗೆ ಅನಿಲದ ಹಾಗೆ ಮೊದಲು ನೀನು ಕಟ್ಟು, ಆಮೇಲೆ ಖಾತೆಗೆ ಹಾಕುತ್ತೇವೆ ಎನ್ನುತ್ತೀರಿ, ನಾಡಿದ್ದು ಖಾತೆಗೂ ಬರುವುದಿಲ್ಲ.

ಬಯಲುಸೀಮೆ
ಅನಿಲದ ವಿಚಾರದಲ್ಲಿ ರೈತರ ಸಂಶಯಕ್ಕೆ ಆಧಾರವಿದೆ. ನೇರ ವರ್ಗಾವಣೆಯಿಂದ ಸಾವಿರಾರು ಕೋಟಿ ಉಳಿಯಿತು ಎಂದು ಹೇಳಿಕೊಂಡದ್ದರಲ್ಲಿ ಬಹುಪಾಲು ಅಂತಾರಾಷ್ಟ್ರೀಯ ಬೆಲೆ ಇಳಿದದ್ದರಿಂದ ಆದದ್ದು ಎಂದು ಮಹಾಲೇಖಪಾಲರೇ 2016ರಲ್ಲಿ ಹೇಳಿದ್ದರು.

ಆಯವ್ಯಯ ಓದುಗ
ನಾನು ರೈತರಿಂದ ಹಣ ವಸೂಲಿ ಮಾಡಿ ಎನ್ನುತ್ತಿಲ್ಲ. ಕೃಷಿ ಫೀಡರುಗಳನ್ನು (ಪಂಪ್‌ಸೆಟ್ಟಿನ ವಿದ್ಯುತ್ ಮಾರ್ಗಗಳನ್ನು) ಪ್ರತ್ಯೇಕಿಸಿ, ಪಕ್ಕದಲ್ಲೇ ಸೌರ ಘಟಕ ಹಾಕಿ ಹಗಲಿನಲ್ಲಿ ವಿದ್ಯುತ್ ಕೊಡುವ ಕುಸುಮ್-ಸಿ ಕೆಲಸ ಗೌರಿಬಿದನೂರಿನ ಕಡೆಯಿಂದ ಆರಂಭವಾಗಿದೆ. ಅಲ್ಲಿ ಯೂನಿಟ್ಟಿಗೆ ಮೂರು ರೂಪಾಯಿ ಚಿಲ್ಲರೆ ಬೀಳುತ್ತದೆ. ದೂರದಿಂದ ತಂದು, ದಾರಿಯಲ್ಲಿ ಸೋರಿಸಿ ಕೊಡುವುದಕ್ಕಿಂತ ಇದು ಎಷ್ಟೋ ಕಡಿಮೆ. ರೈತನಿಗೆ ರಾತ್ರಿ ಹಾವು, ಚಿರತೆಯ ಭಯವಿಲ್ಲದೆ ಹಗಲಿನ ನೀರು, ಸರ್ಕಾರಕ್ಕೆ ಸಹಾಯಧನದ ಇಳಿಕೆ. ನಾನು ಹುಡುಕುತ್ತಿದ್ದ ಬಗೆಯ ಉಳಿತಾಯ ಇದು. ಆದರೆ ಇದಕ್ಕೆ ಮೊದಲು ಖರ್ಚು ಮಾಡಬೇಕು, ಫಲ ಬರಲು ವರ್ಷಗಳು ಬೇಕು.

ಕೋಲಾರದ ರೈತ
ಹಗಲು ಏಳು ಗಂಟೆ ತ್ರೀ-ಫೇಸ್ ಕೊಡುವುದಾದರೆ ನನ್ನ ವಿರೋಧವಿಲ್ಲ. ಲೆಕ್ಕ ಬೇಕೆಂದರೆ ನಮ್ಮ ಪಂಪಿಗೆ ಮೀಟರ್ ಬೇಡ, ಟಿಸಿಗೆ, ಅಂದರೆ ಟ್ರಾನ್ಸ್‌ಫಾರ್ಮರಿಗೆ, ಒಂದು ಮೀಟರ್ ಹಾಕಿಕೊಳ್ಳಿ. ಇಪ್ಪತ್ತು ಪಂಪಿಗೆ ಎಷ್ಟು ಹೋಯಿತು ಎಂದು ತಿಳಿಯುತ್ತದೆ, ನಮ್ಮ ಮೇಲೆ ಯಾರಿಗೂ ಬಿಲ್ ಹರಿಯಲು ಬರುವುದಿಲ್ಲ.

ತೆರಿಗೆ ಕಟ್ಟುವವ
ನ್ಯಾಯವಾದ ಮಾತು. ಇದಕ್ಕೆ ನನ್ನ ತೆರಿಗೆ ಹೋದರೆ ನನಗೆ ಬೇಸರವಿಲ್ಲ. ಟಿಸಿಗೆ ಮೀಟರ್ ಹಾಕಲು ಇಷ್ಟು ವರ್ಷ ಅಡ್ಡಿ ಏನಿತ್ತು?

ಪಂಚಾಯಿತಿ ಸದಸ್ಯೆ
ನಮ್ಮ ಹೋಬಳಿಯಲ್ಲಿ ಹಿಂದೆಯೇ ಹಾಕಿದ್ದರು. ಅರ್ಧದಷ್ಟು ಸಿಡಿಲಿಗೆ, ಓವರ್‌ಲೋಡಿಗೆ ಸುಟ್ಟುಹೋದವು. ಬದಲಾಯಿಸಿಕೊಡಿ ಎಂದು ಸಭೆಯಲ್ಲಿ ಕೇಳಿದಾಗ, ಮೀಟರ್ ಅಳವಡಿಕೆಗೆ ಅನುದಾನವಿತ್ತು, ನಿರ್ವಹಣೆಗೆ ಈ ವರ್ಷ ಕಡಿತವಾಗಿದೆ ಎಂದು ಎಂಜಿನಿಯರ್ ಹೇಳಿದರು.